ಹದಿನೈದನೆಯ ಪೈಪು

ಆ ಕಾಲುವೆಗೆ ಹದಿನಾಲ್ಕು ಬಾಯಿ. ಹದಿನಾಲ್ಕು ಬಾಯಿಗೆ ಹದಿನಾಲ್ಕು ಗದ್ದೆ, ಹದಿನಾಲ್ಕು ಗದ್ದೆಗೆ ಕಡಿಮೆಯೆಂದರೂ ಇಪ್ಪತ್ತೆಂಟು ಜಗಳ. ಇಷ್ಟನ್ನೂ ಹೆಗಲ ಮೇಲಿನ ಒಂದು ಗುದ್ದಲಿಯಿಂದ ಸಂಭಾಳಿಸುತ್ತಿದ್ದವನು ನೀರುಗಂಟಿ. ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಬಿಡಬೇಕೆಂಬ ಸರದಿ ಪೂರ್ತಿ ಅವನ ತಲೆಯಲ್ಲಿತ್ತು. ಮೂವತ್ತೊಂದು ವರ್ಷದಿಂದ ಬೆಳಗಾದರೆ ಮೊದಲ ಬಾಯಿಯಿಂದ ಹದಿನಾಲ್ಕನೆಯದರ ತನಕ ನಡೆಯುವುದು, ಅಲ್ಲಿಂದ ಹಿಂದಕ್ಕೆ ತಿರುಗುವುದು. ಊರಿನಲ್ಲಿ ಅವನಷ್ಟು ಬೈಗುಳ ತಿಂದವನು ಇನ್ನೊಬ್ಬನಿಲ್ಲ. ನೀರು ಕಡಿಮೆಯಾದರೆ ಕಳ್ಳ, ಹೆಚ್ಚಾದರೆ ಕುಡುಕ. ಮಳೆ ಚೆನ್ನಾಗಿ ಬಂದ ವರ್ಷ ಮಾತ್ರ ಅವನು ಯಾರ ಬಾಯಿಗೂ ಬೀಳದೆ ಬದುಕಿಕೊಳ್ಳುತ್ತಿದ್ದ. ಮದುವೆಯೂ ಆಗಲಿಲ್ಲ. ಊರೆಲ್ಲ ಬೈಯುವವನಿಗೆ ಮಗಳನ್ನು ಕೊಡುವ ಧೈರ್ಯ ಯಾವ ಅಪ್ಪನಿಗಿರುತ್ತದೆ?

ಹದಿನಾಲ್ಕನೆಯ ಗದ್ದೆಯ ಬದುವಿನಾಚೆ, ಇಳಿಜಾರಿನ ತುದಿಯಲ್ಲಿ, ಇನ್ನೂ ಒಂದು ಗದ್ದೆಯಿತ್ತು. ಅದು ಅವನ ಅಕ್ಕನದು. ಅದಕ್ಕೆ ಕಾಲುವೆಯಲ್ಲಿ ಬಾಯಿಯಿಲ್ಲ, ಸರದಿಯಲ್ಲಿ ಜಾಗವಿಲ್ಲ. ಹಿಂದೆ ನೀರು ಹಂಚಿಕೆ ಮಾಡಿದ ದೊಡ್ಡವರು "ಜೌಗಿಗೆ ಯಾರಾದ್ರೂ ನೀರು ಬಿಡ್ತಾರೇನ್ರೀ?" ಎಂದು ನಕ್ಕು ಅದನ್ನು ಕೈಬಿಟ್ಟಿದ್ದರಂತೆ. ಅವರ ನಗುವಿನಲ್ಲಿ ತಪ್ಪೇನೂ ಇರಲಿಲ್ಲ. ಮೇಲಿನ ಹದಿನಾಲ್ಕು ಗದ್ದೆಗಳಲ್ಲೂ ನಾಟಿಯಿಂದ ಕೊಯ್ಲಿನ ತನಕ ಮೊಣಕಾಲ ಕೆಳಗೆ ನೀರು ನಿಂತೇ ಇರುತ್ತಿತ್ತು. ಆ ನೀರು ಬದುಗಳ ಬುಡದಲ್ಲಿ ಬಸಿದು, ಏಡಿ ತೂತುಗಳಲ್ಲಿ ನುಸುಳಿ, ಬಸಿಗಾಲುವೆಗೆ ಇಳಿದು, ಕೊನೆಗೆ ಅಕ್ಕನ ಗದ್ದೆಯಲ್ಲಿ ಬಂದು ಕೂರುತ್ತಿತ್ತು. ಕೇಳದೆ ಬರುತ್ತಿತ್ತು, ಹೇಳದೆ ಬರುತ್ತಿತ್ತು. ಊರಿನವರು ಅವಳನ್ನು ಜೌಗಿನಕ್ಕ ಎಂದೇ ಕರೆಯುತ್ತಿದ್ದರು.

ತಾಯಿ ತೀರಿಕೊಂಡಾಗ ನೀರುಗಂಟಿಗೆ ಮೂರು ವರ್ಷ, ಅಕ್ಕನಿಗೆ ಹನ್ನೆರಡು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಕಳೆ ಕಿತ್ತಳು, ನಾಟಿ ಹಾಕಿದಳು. ಬದುವಿನ ಮೇಲೆ ಜಾರದೆ ನಡೆಯುವುದನ್ನು ಕಲಿಸಿದವಳೂ ಅವಳೇ. ಈಗ ಅವಳಿಗೆ ಗಂಡನಿಲ್ಲ. ಉಳಿದದ್ದು ಆ ಜೌಗು, ಒಂದು ಹಸು ಮತ್ತು ಈ ತಮ್ಮ. ಅವನು ಕಾಲುವೆಗೆ ನೀರು ಬಿಡುವ ತೂಬಿನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದನಾದರೂ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ. ಆ ಊಟದ ಅಕ್ಕಿ ಜೌಗಿನದೇ. ವರ್ಷಕ್ಕೆ ಇಬ್ಬರ ಹೊಟ್ಟೆಗೆ ಸರಿಯಾಗಿ ಸಾಲುವಷ್ಟು ಬೆಳೆಯುತ್ತಿತ್ತು, ಒಂದು ಹಿಡಿ ಹೆಚ್ಚಿಲ್ಲ.

ಹೀಗಿರುವಾಗ ಪೈಪು ಮೇಡಂ ಬಂದರು.

ಕೃಷಿ ಕಚೇರಿಯವರು. ಎತ್ತರದ ಹೆಂಗಸು, ಕೆಸರಿಗೆ ಹೆದರದವರು. ಮೊಳಕ್ಕೆ ತುಸು ಕಡಿಮೆ ಉದ್ದದ ಪ್ಲಾಸ್ಟಿಕ್ ಪೈಪು ತಂದು, ಸುತ್ತ ತೂತು ಕೊರೆದು, ಗದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೂತು, ಒಳಗೆ ಇಣುಕಲು ಹೇಳಿದರು. ನೆಲದೊಳಗಿನ ನೀರು ಅದರಲ್ಲಿ ಕಾಣುತ್ತದೆ. ಗದ್ದೆಯ ಮೇಲೆ ನೀರು ನಿಲ್ಲಿಸಲೇಬೇಡಿ, ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ ಒಂದು ಚೋಟು ಕೆಳಗಿಳಿದ ಮೇಲೆ ಮತ್ತೆ ಬಿಡಿ. ಹೂ ಬಿಡುವ ಹತ್ತು ದಿನ ಮಾತ್ರ ನಾಲ್ಕು ಬೆರಳು ನೀರು ನಿಂತಿರಲಿ. ಇಳುವರಿ ಒಂದು ಕಾಳು ಕಡಿಮೆಯಾಗುವುದಿಲ್ಲ, ನೀರು ಮೂರರಲ್ಲಿ ಒಂದು ಪಾಲು ಉಳಿಯುತ್ತದೆ.

ಊರಿನವರು ನಕ್ಕರು. ಮೊದಲ ಬಾಯಿಯ ಕೊಡೆಯಜ್ಜನಂತೂ, ಬಿಸಿಲು ಮಳೆ ಎನ್ನದೆ ಸದಾ ಹಿಡಿದಿರುವ ಆ ಕೊಡೆಯನ್ನು ನೆಲಕ್ಕೆ ಕುಟ್ಟಿ, "ಭತ್ತ ಅಂದ್ರೆ ನೀರಲ್ಲಿ ನಿಲ್ಲೋ ಬೆಳೆ ಕಣಮ್ಮ. ಮೀನಿಗೆ ದಿನಕ್ಕೆರಡು ಗಂಟೆ ನೀರು ಸಾಕು ಅಂತ ಹೇಳಿಬಿಡು ನೋಡೋಣ" ಎಂದ.

ಆದರೆ ನೀರುಗಂಟಿಗೆ ಮೇಡಂ ಮಾತು ಮನಸ್ಸಿಗೆ ನಾಟಿತು. ನೀರಿಗಾಗಿ ಗುದ್ದಲಿ ಎತ್ತಿದವರನ್ನು ಅವನು ಕಂಡಿದ್ದ; ತನ್ನ ಎಡಗಿವಿಯ ಹಿಂದಿನ ಗಾಯ ಅಂಥದ್ದೇ ಒಂದು ದಿನದ್ದು. ಒಂದು ಪಾಲು ನೀರು ಉಳಿದರೆ ಜಗಳವೂ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಅವನ ಲೆಕ್ಕ. ಕಂಬಿ ಕಾಯಿಸಿ ಅವನೇ ಹದಿನಾಲ್ಕು ಪೈಪಿಗೂ ತೂತು ಕೊರೆದ. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಕೂತ. "ಅಜ್ಜ, ಭತ್ತ ಮೀನಲ್ಲ, ಅದರ ಬೇರಿಗೂ ಉಸಿರು ಬೇಕು. ಒಂದು ಬೆಳೆ ನೋಡಿ. ಕೆಟ್ಟರೆ ನನ್ನ ಗುದ್ದಲಿಯಿಂದ ನನ್ನ ತಲೆಗೇ ಹೊಡೀರಿ." ಬೈಯಿಸಿಕೊಂಡು ಬೈಯಿಸಿಕೊಂಡು ಅವನ ಚರ್ಮ ದಪ್ಪವಾಗಿತ್ತು, ಅದು ಈಗ ಉಪಯೋಗಕ್ಕೆ ಬಂತು. ಒಬ್ಬರಾದ ಮೇಲೆ ಒಬ್ಬರು ಒಪ್ಪಿದರು.

ಹದಿನೈದನೆಯ ಪೈಪನ್ನು ಅಕ್ಕ ಕೇಳಿ ಪಡೆದಳು.

"ನಿನಗ್ಯಾಕಕ್ಕ? ನಿನ್ನ ಗದ್ದೆಗೆ ನಾನು ನೀರೇ ಬಿಡಲ್ಲ."

"ಎಲ್ಲರಿಗೂ ಕೊಡ್ತೀಯಾ, ಸ್ವಂತ ಅಕ್ಕಂಗೆ ಇಲ್ವಾ? ನೋಡಿದವರು ಏನಂದಾರು?"

ಮಳೆಗಾಲದ ಆ ಬೆಳೆ ಚೆನ್ನಾಗಿಯೇ ಬಂತು. ಮಳೆ ಸಾಕಷ್ಟು ಸುರಿದದ್ದರಿಂದ ಮೇಲೆ ಕೆಳಗೆ ಎಲ್ಲಾ ಕಡೆ ನೆಲ ನೆನೆದಿತ್ತು. ಆದರೂ ಕಾಲುವೆಯ ನೀರು ಮೂರರಲ್ಲೊಂದು ಪಾಲು ಉಳಿಯಿತು, ಇಳುವರಿ ಇಳಿಯಲಿಲ್ಲ. ಕೊಯ್ಲು ಮುಗಿದ ಮೇಲೆ ದೊಡ್ಡ ಕಚೇರಿಯಿಂದ ನಾಲ್ಕು ಜನ ಬಂದರು. ಸಭೆ ನಡೆಯಿತು. ನೀರುಗಂಟಿಯನ್ನು ಕರೆದು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದರು. ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಗುದ್ದಲಿ ಬೇರೆ ಕೆಳಗೇ ಉಳಿದಿತ್ತು. ಕೊಡೆಯಜ್ಜ ಎಲ್ಲರ ಮುಂದೆ "ಇವನು ನಮ್ಮ ಕಣ್ಣು ತೆರೆಸಿದ" ಎಂದ. ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತ ಅವನ ಫೋಟೋ ಕೃಷಿ ಕಚೇರಿಯ ಗೋಡೆ ಸೇರಿತು. ಅಕ್ಕ ಅದನ್ನು ನೋಡಲು ಬಸ್ಸು ಹತ್ತಿ ಎರಡು ಸಲ ಹೋಗಿ ಬಂದಳು.

ಬೇಸಿಗೆ ಬೆಳೆಗೆ ತೂಬು ತೆರೆದ ದಿನ ಒಂದು ಸಣ್ಣ ಸಂಗತಿ ನಡೆಯಿತು. ನಿಮ್ಮ ಕಾಲುವೆಗೆ ಇಷ್ಟು ಸಾಕೆಂದು ಕಳೆದ ಬೆಳೆಯಲ್ಲೇ ಗೊತ್ತಾಗಿದೆಯಲ್ಲ ಎಂದು ನೀರಾವರಿ ಇಲಾಖೆಯವರು ತೂಬಿನ ಬಾಗಿಲನ್ನು ಕೆಳಗಿನ ಗುರುತಿಗೆ ಇಳಿಸಿ ಬೀಗ ಹಾಕಿ ಹೋದರು. ಉಳಿದ ನೀರು ಬೇರೆ ಯಾವುದೋ ಕಾಲುವೆಗೆ ತಿರುಗಿತು. ನೀರುಗಂಟಿ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಹದಿನಾಲ್ಕು ಗದ್ದೆಗೂ ಪೈಪಿನ ಪ್ರಕಾರ ಸರಿಯಾಗಿ ಸಾಲುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಬಂದವನು ಕಾಲು ತೊಳೆಯಲು ಬಾವಿಯಿಂದ ನೀರು ಸೇದಿದ. ಹಗ್ಗದ ತುದಿಗೆ ಬೇರೆ ಬಣ್ಣದ ಇನ್ನೊಂದು ಹಗ್ಗ ಗಂಟು ಹಾಕಿತ್ತು.

"ಏನಕ್ಕ, ಹಗ್ಗಕ್ಕೆ ಬಾಲ ಬಂದಿದೆ?"

"ಸವೆದಿತ್ತು, ಕತ್ತರಿಸಿ ಕಟ್ಟಿದೆ. ಕೈ ತೊಳ್ಕೊಂಡು ಬಾ, ಅನ್ನ ಆರತ್ತೆ."

"ಗದ್ದೆ ಹೇಗಿದೆ?"

"ಗದ್ದೆಗೇನು, ಗದ್ದೆಯ ಹಾಗಿದೆ. ನಿನ್ನ ಫೋಟೋ ಧೂಳು ಹಿಡಿದಿತ್ತು ಕಣೋ, ಆ ಕಚೇರಿಯವರಿಗೆ ಒಂದು ಬಟ್ಟೆ ಗತಿಯಿಲ್ವಾ?"

ಅವನು ನಕ್ಕು ಉಂಡು ಹೋದ. ಮೂವತ್ತೊಂದು ವರ್ಷ ನೀರಿನ ಜೊತೆಗೇ ಬಾಳಿದವನು, ಬಾವಿಯ ಹಗ್ಗ ಯಾಕೆ ಉದ್ದವಾಯಿತೆಂದು ಯೋಚಿಸಲಿಲ್ಲ. ಮನೆಯ ದಾರಿಯಲ್ಲಿ ಬರುವಾಗ ಹೋಗುವಾಗ ಅಕ್ಕನ ಗದ್ದೆಯ ಮುಂದಿನ ಸಾಲುಗಳು ಹಸಿರಾಗಿಯೇ ಕಾಣುತ್ತಿದ್ದವು. ಅಷ್ಟು ಸಾಕಾಗಿತ್ತು ಅವನಿಗೆ.

ಅದಾಗಿ ಎರಡು ವಾರಕ್ಕೆ, ಹದಿನಾಲ್ಕನೆಯ ಗದ್ದೆಯವನು ಕೆಳಬದುವಿನಲ್ಲಿ ಏಡಿ ತೂತು ದೊಡ್ಡದಾಗಿದೆ, ನೀರು ಸೋರುತ್ತಿದೆ, ಮುಚ್ಚಿಕೊಡು ಎಂದ. ನೀರುಗಂಟಿ ಗುದ್ದಲಿ ಹಿಡಿದು ಆ ಬದುವನ್ನು ಹತ್ತಿದ. ಎಷ್ಟೋ ವರ್ಷದ ಮೇಲೆ ಅವನು ಅಕ್ಕನ ಗದ್ದೆಯನ್ನು ಹಿಂಬದಿಯಿಂದ ನೋಡಿದ್ದು ಅವತ್ತು.

ಗದ್ದೆ ಬಿಳಿಚಿಕೊಂಡು ನಿಂತಿತ್ತು. ಮೇಲಿನ ಗದ್ದೆಗಳಂತೆ ಅದಕ್ಕೂ ತೆನೆ ಬಿಡುವ ಕಾಲ. ಅರ್ಧ ಹೊರಬಂದ ತೆನೆಗಳು ಅಲ್ಲೇ ಒಣಗಿ ಮೇಲಕ್ಕೆ ನಿಗುರಿದ್ದವು. ಕಾಳು ತುಂಬಿದ ತೆನೆ ಬಾಗುತ್ತದೆ, ಜೊಳ್ಳು ಬಾಗುವುದಿಲ್ಲ. ನೆಲದಲ್ಲಿ ಕೈ ತೂರಿಸುವಷ್ಟು ಬಿರುಕು. ಬಸಿಗಾಲುವೆಯಲ್ಲಿ ಒಣ ಎಲೆ. ದಾರಿಗೆ ಕಾಣುವ ಮುಂದಿನ ನಾಲ್ಕು ಸಾಲು ಮಾತ್ರ ಹಸಿರು, ಅವುಗಳ ಬುಡದಲ್ಲಿ ಕೊಡದಿಂದ ಸುರಿದ ನೀರಿನ ಒದ್ದೆ ಗುರುತು.

ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಲೆ ನೀರು ನಿಲ್ಲುವುದು ನಿಂತಿತ್ತು, ಹಾಗಾಗಿ ಕೆಳಗೆ ಬಸಿಯುವುದೂ ನಿಂತಿತ್ತು. ನಿಲ್ಲಿಸಿದವನು ತಾನೇ. ಕೈಯಲ್ಲಿ ಗುದ್ದಲಿ, ಕಾಲ ಬಳಿ ಏಡಿ ತೂತು. ಅದರಿಂದ ಬೆರಳು ದಪ್ಪದ ನೀರು ಅಕ್ಕನ ಕಡೆಗೆ ಸೋರುತ್ತಿತ್ತು. ಅವನು ಅದನ್ನು ಮುಚ್ಚಲಿಲ್ಲ. ನೀರುಗಂಟಿಯಾದ ಮೇಲೆ ಒಪ್ಪಿದ ಕೆಲಸ ಮಾಡದೆ ಬಿಟ್ಟದ್ದು ಅದೇ ಮೊದಲು.

ಅಲ್ಲಿಂದ ನೇರ ಬಸ್ಸು ಹತ್ತಿ ಕಚೇರಿಗೆ ಹೋದ. ಗೋಡೆಯ ಮೇಲೆ ಅವನದೇ ಫೋಟೋ ಅವನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಪೈಪು ಮೇಡಂ ಸಂತೋಷದಿಂದ ಎದ್ದು ಟೀ ತರಿಸಿದರು. ಅವನು ಹೇಳುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು. ನಕ್ಷೆ ಬಿಡಿಸಿ ಹುಡುಕಿದರು.

"ನಿಮ್ಮ ಅಕ್ಕನ ಗದ್ದೆ ಇದರಲ್ಲಿ ನೀರಾವರಿ ಅಂತಾನೇ ಇಲ್ಲ. ಇಲ್ಲದ ಗದ್ದೆಗೆ ನೀರು ಕಡಿಮೆ ಆಯ್ತು ಅಂತ ನಾನು ಹೇಗೆ ಬರೀಲಿ?"

"ಮತ್ತೆ ಇಷ್ಟು ವರ್ಷ ಅಲ್ಲಿಗೆ ಹೋಗ್ತಿದ್ದ ನೀರು?"

ಮೇಡಂ ನಕ್ಷೆ ಮಡಿಸಿದರು. ಸುಳ್ಳು ಹೇಳುವ ಜಾತಿಯವರಲ್ಲ ಅವರು. "ಬಸಿದು ಹೋಗೋ ನೀರನ್ನ ನಾವು ನಷ್ಟ ಅಂತ ಬರೀತೀವಿ. ಆ ನಷ್ಟ ಕಡಿಮೆ ಮಾಡಿದ್ದಕ್ಕೇ ನಿಮ್ಮನ್ನ ಕುರ್ಚಿ ಮೇಲೆ ಕೂರಿಸಿದ್ದು."

"ಆ ನಷ್ಟದಲ್ಲೇ ಮೇಡಂ, ನನ್ನ ಅಕ್ಕ ಊಟ ಮಾಡ್ತಿದ್ದಿದ್ದು."

ಟೀ ಆರಿಹೋಯಿತು. ತೂಬಿನ ಬಾಗಿಲು ಎತ್ತಿಸಲು ಬರೆಯುತ್ತೇನೆ, ಉತ್ತರ ಬರಲು ಒಂದು ತಿಂಗಳಾಗಬಹುದು ಎಂದರು ಮೇಡಂ. ಅಕ್ಕನ ಭತ್ತದ ಹೂವಿಗೆ ಉಳಿದಿದ್ದದ್ದು ನಾಲ್ಕೈದು ದಿನ. ಬುಡದಿಂದ ತಡವಾಗಿ ಒಡೆದು ಬಂದ ತೆಂಡೆಗಳಲ್ಲಿ ಇನ್ನೂ ಒಂದಿಷ್ಟು ತೆನೆ ಒಳಗೇ ಇತ್ತು, ಈಗ ನೀರು ಸಿಕ್ಕರೆ ಅಷ್ಟಾದರೂ ಕಾಳು ಕಟ್ಟೀತು.

ಸಂಜೆ ಕೊಡೆಯಜ್ಜನ ಜಗಲಿಯ ಮೆಟ್ಟಿಲ ಮೇಲೆ ಕೂತು ನೀರುಗಂಟಿ ಮತ್ತೆ ಎಲ್ಲ ಹೇಳಿದ. ಅಜ್ಜ ಗದ್ದೆಯಲ್ಲಿ ಮೊದಲಿನಂತೆ ನೀರು ನಿಲ್ಲಿಸಿದರೆ, ಉಳಿದವರೂ ಹಾಗೇ ಮಾಡಿದರೆ...

"ಮಾಡಿದ್ರೆ?" ಎಂದ ಅಜ್ಜ. "ಬದು ನೆನೆದು ಕೆಳಗೆ ಬಸಿಯೋಕೆ ಹದಿನೈದು ದಿನ ಬೇಕು, ನಿನಗೆ ಗೊತ್ತಿಲ್ವಾ? ಅಲ್ಲದೆ ನಿಲ್ಲಿಸೋಕೆ ನೀರೆಲ್ಲಿದೆ? ಬಾಗಿಲು ಅರ್ಧಕ್ಕೆ ಇಳಿಸಿ ಬೀಗ ಜಡಿದಿದ್ದಾರಲ್ಲ." ಮುದುಕ ಕೊಡೆಯ ಹಿಡಿಯನ್ನು ತಿರುಗಿಸಿದ. "ನಾಳೆ ಬೆಳಿಗ್ಗೆ ನನ್ನ ಸರದಿ. ಮಧ್ಯಾಹ್ನದ ತನಕ ಪೂರ್ತಿ ನಿನ್ನ ಅಕ್ಕಂಗೆ ತಗೊಂಡು ಹೋಗು. ಇನ್ನೊಬ್ಬರಿಗೆ ಹೇಳಬೇಡ, ರೂಢಿ ಆಗಿಬಿಡತ್ತೆ."

ಹೂ ಬಿಡುವ ಗದ್ದೆಯವನು ಸರದಿ ಬಿಟ್ಟುಕೊಡುವುದೆಂದರೆ ತನ್ನ ತಟ್ಟೆಯ ಅನ್ನ ಎತ್ತಿ ಕೊಟ್ಟಂತೆ. ನೀರುಗಂಟಿ ಬಗ್ಗಿ ಅಜ್ಜನ ಕಾಲು ಮುಟ್ಟಹೋದ. ಅಜ್ಜ ಕೊಡೆಯಿಂದ ಅವನನ್ನು ಆಚೆ ದೂಡಿದ.

ಬೆಳಿಗ್ಗೆ ಬೆಳಕು ಹರಿಯುತ್ತಲೇ ಅವನು ಮೊದಲ ಬಾಯಿ ಮುಚ್ಚಿದ. ಹದಿಮೂರು ಬಾಯಿ ದಾಟಿಸಿದ. ಹದಿನಾಲ್ಕನೆಯದರ ಹತ್ತಿರ ಕಾಲುವೆಯ ದಡವನ್ನೇ ಗುದ್ದಲಿಯಿಂದ ಕಡಿದು ನೀರನ್ನು ಬಸಿಗಾಲುವೆಗೆ ಇಳಿಸಿದ. ಅಲ್ಲಿಂದ ಅಕ್ಕನ ಗದ್ದೆಗೆ ಇನ್ನೂರು ಹೆಜ್ಜೆ.

ನೀರು ಮುಂದೆ ಒಣ ಎಲೆ, ನೊರೆ, ಸತ್ತ ಹುಳ ದೂಡಿಕೊಂಡು ಹೊರಟಿತು. ಅವನು ಅದರ ಜೊತೆಗೆ ನಡೆದ. ಮೊದಲ ಐವತ್ತು ಹೆಜ್ಜೆ ನಡೆದೇ ಹೋದ. ಆಮೇಲೆ ಬಿರುಕುಗಳು ಶುರುವಾದವು. ಒಂದೊಂದು ಬಿರುಕಿನ ಬಾಯಲ್ಲೂ ನೀರು ಗುಳುಗುಳು ಎಂದು ಇಳಿಯುತ್ತಿತ್ತು, ತುಂಬುವ ತನಕ ಮುಂದೆ ಕದಲುತ್ತಿರಲಿಲ್ಲ. ಅವನು ಮಣ್ಣು ಕೊಚ್ಚಿ ಬಿರುಕು ಮುಚ್ಚಿದ, ಏಡಿ ತೂತಿಗೆ ಹುಲ್ಲು ತುರುಕಿದ, ಕೈಯಿಂದ ನೀರನ್ನು ಮುಂದಕ್ಕೆ ಎಳೆದ. ಹೌದು, ಕೈಯಿಂದ, ಐವತ್ತೇಳು ವರ್ಷದ ಗಂಡಸು ಮಂಡಿಯೂರಿ ಎರಡೂ ಅಂಗೈಯಲ್ಲಿ ನೀರನ್ನು ಎಳೆದುಕೊಂಡು ಹೋಗುತ್ತಿದ್ದ. ನೂರು ಹೆಜ್ಜೆ. ನೂರಿಪ್ಪತ್ತು. ಬಿಸಿಲು ನೆತ್ತಿಗೆ ಬಂತು. ನೂರಾ ಅರವತ್ತು.

ಅಷ್ಟರಲ್ಲಿ ಹಿಂದಿನಿಂದ ಬರುವ ನೀರು ತೆಳುವಾಯಿತು. ಮೇಲೆ ಅಜ್ಜನ ಸರದಿ ಮುಗಿದು, ಮುಂದಿನವನು ಬಂದು ತನ್ನ ಬಾಯಿ ತೆರೆದುಕೊಂಡಿದ್ದ. ಅದು ಅವನ ಹಕ್ಕು; ಹಾಗೆಂದು ಮೂವತ್ತೊಂದು ವರ್ಷದಿಂದ ಊರಿಗೆ ಹೇಳಿಕೊಟ್ಟವನು ನೀರುಗಂಟಿಯೇ. ನೀರು ಒಂದು ಮೊಳ ಮುಂದೆ ಹೋಯಿತು, ನಿಂತಿತು, ನೆಲಕ್ಕೆ ಇಳಿಯಿತು. ಒದ್ದೆ ಕಲೆ ಉಳಿಯಿತು.

ಅಕ್ಕ ತನ್ನ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ನಡುವೆ ನಲವತ್ತು ಹೆಜ್ಜೆ.

"ಸಾಕು ಬಿಡೋ," ಎಂದಳು. "ಅದಕ್ಕೂ ದಾರಿ ಮರೆತುಹೋಗಿದೆ. ಏಳು, ಮಂಡಿ ನೋಯತ್ತೆ."

ಅವನು ಎದ್ದು ಅವಳ ಗದ್ದೆಗೆ ಹೋದ. ಬಿರುಕು ದಾಟಿಕೊಂಡು ನಡುವೆ ಹೂತಿದ್ದ ಪೈಪಿನ ತನಕ ನಡೆದು ಇಣುಕಿದ. ತಳದಲ್ಲಿ ಜೇಡರ ಬಲೆ. ಪಕ್ಕದಲ್ಲಿ ಒಂದು ಬಿದಿರು ಕಡ್ಡಿ ಚುಚ್ಚಿತ್ತು. ಎಲ್ಲರಿಗೂ ಅವನೇ ಹೇಳಿಕೊಟ್ಟದ್ದು ಅದು: ದಿನಾ ಬೆಳಿಗ್ಗೆ ಕಡ್ಡಿ ಇಳಿಸಿ, ಒದ್ದೆಯಾದಲ್ಲಿ ಗುರುತು ಹಾಕಿ. ಮೇಲಿನ ಹದಿನಾಲ್ಕು ಜನರಲ್ಲಿ ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿರಲಿಲ್ಲ, ಕಣ್ಣಳತೆಯಲ್ಲೇ ಮುಗಿಸುತ್ತಿದ್ದರು. ಅಕ್ಕ ಒಂದು ದಿನವೂ ಬಿಟ್ಟಿರಲಿಲ್ಲ. ಕುಡುಗೋಲಿನ ತುದಿಯಿಂದ ಗೀರಿದ ಗೆರೆಗಳು. ಈ ಬೇಸಿಗೆ ಬೆಳೆಯ ಮೊದಲ ಎರಡು ವಾರ ಎಲ್ಲ ಒಂದೇ ಕಡೆ, ಮೇಲೆ. ಮೂರನೆಯ ವಾರದಿಂದ ಒಂದರ ಕೆಳಗೊಂದು ಇಳಿಯುತ್ತಾ, ಕಡ್ಡಿಯ ತುದಿಗೆ ಬಂದು ಮುಗಿದಿದ್ದವು.

ಅವನು ಕಡ್ಡಿ ಹಿಡಿದುಕೊಂಡು ನಿಂತ.

"ಅಕ್ಕ, ಇದು ನನ್ನಿಂದ ಆಗಿದ್ದು."

"ಗೊತ್ತು ಕಣೋ."

"ಯಾವಾಗಿಂದ?"

"ಕಡ್ಡಿ ನಿನ್ನ ಕೈಯಲ್ಲೇ ಇದೆಯಲ್ಲ."

"ಆಗಲೇ ಒಂದು ಮಾತು ಹೇಳಿದ್ರೆ ಮೇಲೆ ಯಾರನ್ನಾದ್ರೂ ಹಿಡಿದು ಗದ್ದೆ ತುಂಬ ನೀರು ನಿಲ್ಲಿಸ್ತಿದ್ದೆ! ಆಗ ಹೊತ್ತಿತ್ತು. ಯಾಕೆ ಹೇಳಲಿಲ್ಲ? ದಾರಿಗೆ ಕಾಣೋ ಸಾಲಿಗೆ ಕೊಡ ಕೊಡ ಹೊತ್ತು ಸುರಿದಿದ್ದೀಯಲ್ಲ, ಯಾರಿಗೆ ತೋರಿಸೋಕೆ?"

"ನಿನಗೇ." ಅಕ್ಕ ಬದುವಿನ ಮೇಲೆ ಕೂತಳು. "ನೀನು ಗುದ್ದಲಿ ಹೊತ್ತಾಗಿಂದ ನಿನ್ನನ್ನ ಊರವರೆಲ್ಲ ಬೈಯೋದೇ ಕೇಳಿದ್ದೀನಿ ನಾನು. ಕಳ್ಳ ಅಂದ್ರು, ಕುಡುಕ ಅಂದ್ರು, ತಲೆ ಒಡೆದ್ರು. ಅವತ್ತು ಒಂದು ದಿನ ನಿನಗೆ ಕುರ್ಚಿ ಕೊಟ್ಟಿದ್ರು. ನಾನೇ ಎದ್ದು ಹೋಗಿ, ನನ್ನ ತಮ್ಮನ ಪೈಪಿನಿಂದ ನನ್ನ ಗದ್ದೆ ಹಾಳಾಯ್ತು ಅಂತ ಹೇಳ್ಲಾ? ನಾಳೆ ಅವರೆಲ್ಲ ಅದನ್ನೇ ಹಿಡ್ಕೊಂಡು ನಿನ್ನ ಕೆಳಗಿಳಿಸ್ತಿದ್ರು. ಮಳೆ ಬಂದೀತು ಅಂದ್ಕೊಂಡೆ. ಬರಲಿಲ್ಲ."

"ಊರಿಗೆ ಉಪಕಾರಿ, ಮನೆಗೆ ಮಾರಿ ಆದೆನಲ್ಲಕ್ಕ."

ಅವಳು ಹತ್ತಿರದ ಒಂದು ತೆನೆ ಎಳೆದುಕೊಂಡು ಬೆರಳಲ್ಲಿ ಹಿಸುಕಿದಳು. ಹಾಲು ಬರಬೇಕಾದಲ್ಲಿ ಸಿಪ್ಪೆ ಚಪ್ಪಟೆಯಾಯಿತು. ಇನ್ನೊಂದು ಹಿಸುಕಿದಳು. ಮತ್ತೊಂದು. ಅವನು ನೋಡಲಾರದೆ ಮುಖ ತಿರುಗಿಸಿ ಅತ್ತ. ಅವಳು ಅಳಲಿಲ್ಲ, ಅವಳ ಅಳು ಆ ಕೊಡಗಳ ಜೊತೆ ಮುಗಿದಿತ್ತೋ ಏನೋ.

"ಹಸುವಿಗಾದ್ರೂ ಆಗಲಿ," ಎಂದು ಎದ್ದಳು. "ಇನ್ನೂ ಎರಡು ದಿನ ಬಿಟ್ರೆ ಅದೂ ತಿನ್ನಲ್ಲ."

ಇಬ್ಬರೂ ಸೇರಿ ಕೊಯ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಕ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ. ಕಾಳಿಲ್ಲದ ಹೊರೆ ಎತ್ತಲು ಹಗುರವಾಗಿತ್ತು. ದಾರಿಯ ಬದಿಯ ಆ ನಾಲ್ಕು ಹಸಿರು ಸಾಲು ಬಂದಾಗ ಅವನ ಕುಡುಗೋಲು ನಿಂತಿತು. ಅವುಗಳಲ್ಲಿ ಮಾತ್ರ ತೆನೆ ಬಾಗುತ್ತಿತ್ತು. ಅಕ್ಕ ಅವನನ್ನು ದಾಟಿ ಬಂದು, "ಅಷ್ಟು ಇರಲಿ, ಬೀಜಕ್ಕೆ" ಎಂದಳು. ಬಿತ್ತುವುದೆಲ್ಲಿ ಎಂದು ಅವನು ಕೇಳಲಿಲ್ಲ.

ಕೊನೆಯ ಹೊರೆ ಕಟ್ಟಿದ ಮೇಲೆ ಅವಳು ಬೋಳು ಗದ್ದೆಯ ನಡುವೆ ಹೋಗಿ ಪೈಪನ್ನು ಎರಡೂ ಕೈಯಿಂದ ಅಲುಗಾಡಿಸಿ ಕಿತ್ತಳು. ನೆಲ ಗಟ್ಟಿಯಾಗಿ ಹಿಡಿದಿತ್ತು, ಮೂರು ಸಲ ಎಳೆಯಬೇಕಾಯಿತು. ಜೇಡರ ಬಲೆಯನ್ನು ಬೆರಳಿನಿಂದ ತೆಗೆದಳು. ಬಾವಿಯ ಹತ್ತಿರ ಹೋಗಿ, ಗಂಟು ಹಾಕಿದ ಆ ಉದ್ದ ಹಗ್ಗದಲ್ಲಿ ಅರ್ಧ ಕೊಡ ನೀರು ಸೇದಿ, ಪೈಪಿನ ಮಣ್ಣೆಲ್ಲ ತೊಳೆದು ಒರೆಸಿದಳು.

"ಮೇಲೆ ಯಾರದ್ದಾದ್ರೂ ಒಡೆದು ಹೋದ್ರೆ ಬೇಕಾಗತ್ತೆ," ಎಂದು ಅವನ ಕೈಗೆ ಕೊಟ್ಟಳು. "ತಗೊಂಡು ಹೋಗು. ನಾಳೆ ಬೆಳಿಗ್ಗೆ ಮೂರನೇ ಬಾಯಿ ಸರದಿ ಅಲ್ವಾ, ತಡ ಮಾಡಬೇಡ, ಅವನು ಬೈತಾನೆ."

ಅವನು ತೆಗೆದುಕೊಂಡ.